ಬಂಗಾರದ ಪಟ್ಟಿ, ಬೆಳ್ಳಿಯ ಪಟ್ಟಿ
(ಪನಾಮಾ ಕಾಲುವೆಯನ್ನು ನೋಡಿ ಬಂದ ಮೇಲೆ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪನಾಮಾ ಕಾಲುವೆಯಲ್ಲಿ ನಾವು ಏನು ಕಂಡೆವೆಂದು ನೀವು ಕೇಳಿದಿರಿ. ಕಂಡದ್ದನ್ನು ಮೊದಲು ಹೇಳುತ್ತೇವೆ. ಕಣ್ಣಿಗೆ ಬೀಳದ್ದನ್ನು ಆಮೇಲೆ ಹೇಳುತ್ತೇವೆ.

ಮಿರಾಫ್ಲೋರೆಸ್ ಎಂಬಲ್ಲಿ ಕಾಲುವೆಯ ದಂಡೆಯ ಮಹಡಿಯ ಮೇಲೆ ನಿಂತಿದ್ದೆವು. ಪೆಸಿಫಿಕ್ ಸಾಗರದ ಕಡೆಯಿಂದ ಸರಕಿನ ಹಡಗೊಂದು ಬಂದು, 1,000 ಅಡಿ ಉದ್ದ, 110 ಅಡಿ ಅಗಲದ ಕಾಂಕ್ರೀಟು ಕೋಣೆಯೊಳಗೆ ಸೇರಿತು. ಈ ಕೋಣೆಗೆ ಲಾಕ್ ಎನ್ನುತ್ತಾರೆ. ಎರಡೂ ಬದಿಯ ಹಳಿಗಳ ಮೇಲೆ ವಿದ್ಯುತ್ ಇಂಜಿನುಗಳು ತಂತಿಹಗ್ಗ ಬಿಗಿದು, ಹಡಗು ಗೋಡೆಗೆ ತಾಗದಂತೆ ಹಿಡಿದಿದ್ದವು. ಅವುಗಳಿಗೆ ಅಲ್ಲಿಯವರಿಟ್ಟ ಹೆಸರು ಹೇಸರಗತ್ತೆ! ಹಿಂದಿನ ಉಕ್ಕಿನ ಕದಗಳು ಮುಚ್ಚಿದವು. ಕೋಣೆಯ ತಳದಿಂದ ನೀರು ಉಕ್ಕಿತು. ಕೆಲವೇ ನಿಮಿಷಗಳಲ್ಲಿ ಆ ಭಾರಿ ಹಡಗು ಸದ್ದಿಲ್ಲದೆ ಮೇಲೆದ್ದಿತು.

ಇದಕ್ಕೆ ಪಂಪು ಬೇಕಿಲ್ಲ. ಮೇಲಿನ ನೀರು ತಾನಾಗಿ ಇಳಿದು ಕೋಣೆಯನ್ನು ತುಂಬುತ್ತದೆ. ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿ ಮಾಡಿದ ಗಾಟುನ್ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 85 ಅಡಿ ಎತ್ತರದಲ್ಲಿದೆ. ಹಡಗು ಒಂದು ಕಡೆ ಮೂರು ಮೆಟ್ಟಿಲು ಹತ್ತಿ, ಇನ್ನೊಂದು ಕಡೆ ಮೂರು ಮೆಟ್ಟಿಲು ಇಳಿಯುತ್ತದೆ. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಹಡಗಿಗೆ ಇದರಿಂದ ಸುಮಾರು 8,000 ಮೈಲಿ ಉಳಿಯುತ್ತದೆ. ಸಾಗಣೆಯ ಖರ್ಚೆಂದರೇನೆಂದು ಬಲ್ಲ ವರ್ತಕರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಇನ್ನು ಕಣ್ಣಿಗೆ ಬೀಳದ್ದು. 1881ರಲ್ಲಿ ಫ್ರೆಂಚ್ ಕಂಪನಿಯೊಂದು ಈ ಕೆಲಸ ಹಿಡಿಯಿತು. ಮಲೇರಿಯಾ, ಹಳದಿ ಜ್ವರಗಳಿಗೆ ಸಾವಿರ ಸಾವಿರ ಕೂಲಿಗಳು ಬಲಿಯಾದರು. 1889ರಲ್ಲಿ ಕಂಪನಿ ದಿವಾಳಿಯೆದ್ದಿತು. ಷೇರು ಕೊಂಡಿದ್ದ ಫ್ರಾನ್ಸಿನ ಸಣ್ಣ ಜನರ ಉಳಿತಾಯವೂ ಮುಳುಗಿತು. 1904ರಲ್ಲಿ ಅಮೆರಿಕ ಕೆಲಸ ಕೈಗೆತ್ತಿಕೊಂಡು 1914ರಲ್ಲಿ ಮುಗಿಸಿತು. ಈ ಹತ್ತು ವರ್ಷಗಳಲ್ಲಿ, ಸರಕಾರಿ ಲೆಕ್ಕದಂತೆಯೇ, ಸತ್ತವರು 5,609 ಮಂದಿ. ಅವರಲ್ಲಿ ಬಹುಪಾಲು ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ ಬಂದ ಕಪ್ಪು ಕಾರ್ಮಿಕರು.

ಅಲ್ಲಿ ಸಂಬಳದ ಪಟ್ಟಿಗಳು ಎರಡಿದ್ದವು. ಬಿಳಿಯ ಅಮೆರಿಕನ್ನರಿಗೆ ಬಂಗಾರದ ಪಟ್ಟಿ, ದ್ವೀಪದವರಿಗೆ ಬೆಳ್ಳಿಯ ಪಟ್ಟಿ. ಸಂಬಳ ಬೇರೆ, ಮನೆ ಬೇರೆ, ಊಟದ ಸಾಲೂ ಬೇರೆ. 1920ರಲ್ಲಿ ಬೆಳ್ಳಿಯ ಪಟ್ಟಿಯ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ಮುರಿಯಲಾಯಿತು, ಮುಷ್ಕರ ಹೂಡಿದವರನ್ನು ಮನೆಗಳಿಂದ ಹೊರಹಾಕಲಾಯಿತು. ಆ ನೆಲದ ಜನರಿಗೆ ಕಾಲುವೆ ಪೂರ್ತಿಯಾಗಿ ದಕ್ಕಿದ್ದು 1999ರ ಡಿಸೆಂಬರ್ 31ರಂದು. ಅದಕ್ಕೂ ಮುನ್ನ, 1964ರ ಜನವರಿಯಲ್ಲಿ, ತಮ್ಮ ಬಾವುಟವನ್ನು ಅಲ್ಲಿ ಹಾರಿಸಹೊರಟ ವಿದ್ಯಾರ್ಥಿಗಳಿಂದ ಮೊದಲಾದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪನಾಮಾದವರು ಪ್ರಾಣ ತೆತ್ತಿದ್ದರು.

ಬಂಧುಗಳೇ, ಕಾಯಂ, ಬದಲಿ, ಗುತ್ತಿಗೆ ಎಂಬ ಪಟ್ಟಿಗಳನ್ನು ನೀವು ಬಲ್ಲಿರಿ. ಪಕ್ಕದ ಯಂತ್ರದವನು ಬೇರೆ ಪಟ್ಟಿಯವನೆಂದು ಅವನ ಹೋರಾಟಕ್ಕೆ ಬೆನ್ನು ತಿರುಗಿಸಿದರೆ, ನಾಳೆ ನಮ್ಮ ಹೋರಾಟ ಮುರಿಯುವುದೂ ಅಷ್ಟೇ ಸುಲಭ.

ಆ ಲಾಕಿನಲ್ಲಿ ಒಂದು ನಿಯಮ ಕಂಡೆವು. ಕದದ ಎರಡೂ ಬದಿಯ ನೀರು ಸಮವಾಗುವ ತನಕ ಕದ ತೆರೆಯುವುದಿಲ್ಲ, ಹಡಗು ಮುಂದೆ ಸಾಗುವುದಿಲ್ಲ. ನೀರಿಗೆ ಆ ನ್ಯಾಯವನ್ನು ಒದಗಿಸಿದವರು ಅದನ್ನು ಕಟ್ಟಿದ ಮನುಷ್ಯರಿಗೆ ಒದಗಿಸಲಿಲ್ಲ. ಒದಗಿಸಿಕೊಳ್ಳುವ ಕೆಲಸ ನಮ್ಮೆಲ್ಲರದು.