ಗುಡ್ಡದ ಮೇಲಿನ ಮನೆಗೂ ನೀರು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಈ ಮಲೆಯ ಸೆರಗಿನಲ್ಲಿ ನೆಲೆಸಿದಾಗ ಗುಡ್ಡದ ಒರತೆಯ ನೀರನ್ನು ಅಡಿಕೆಯ ದಬ್ಬೆಯಲ್ಲಿ ಹರಿಸಿ ಅಂಗಳಕ್ಕೆ ತಂದರು. ಇಂದು ನಮಗೆ ಕೊಳವೆಗಳಿವೆ. ಆದರೂ ಬೇಸಿಗೆ ಬಂದೊಡನೆ ಮೇಲಿನ ಮನೆಗಳ ನಲ್ಲಿಯಲ್ಲಿ ಬರಿಯ ಗಾಳಿ. ಕೆಳಗಿನ ಮನೆಗಳ ಬಳಿ ಕೊಳವೆ ಒಡೆದು ನೀರು ಪೋಲು. ಇದೇಕೆ?

ಬೆಟ್ಟದ ಊರಿಗೆ ನೀರು ತರುವ ಚಿಂತೆ ಹೊಸತಲ್ಲ. ಅರಸ ಹಿಜ್ಕೀಯನು ಜೆರುಸಲೇಮ್ ನಗರದೊಳಕ್ಕೆ ನೀರು ತಂದನೆಂದು ಪವಿತ್ರ ಗ್ರಂಥ ತಿಳಿಸುತ್ತದೆ. ಅವನ ಹೆಸರಿನಿಂದ ಕರೆಯಲಾಗುವ ಸುರಂಗವು ಗೀಹೋನ್ ಬುಗ್ಗೆಯಿಂದ ಸಿಲೋವದವರೆಗೆ ಸುಮಾರು 533 ಮೀಟರ್ ಉದ್ದವಿದೆ. ಇಳಿತವಾದರೋ ಸುಮಾರು 30 ಸೆಂಟಿಮೀಟರ್ ಮಾತ್ರ! ಎರಡು ತುದಿಗಳಿಂದಲೂ ಬಂಡೆ ಕಡಿಯುತ್ತ ಬಂದವರು ನಡುವೆ ಸಂಧಿಸಿದರೆಂದು 1880ರಲ್ಲಿ ದೊರೆತ ಶಾಸನ ಸಾರುತ್ತದೆ. ಯೇಸುಸ್ವಾಮಿಯು ಹುಟ್ಟುಕುರುಡನನ್ನು ಕಣ್ಣು ತೊಳೆದುಕೊಳ್ಳಲು ಕಳುಹಿಸಿದ್ದು ಆ ಸಿಲೋವದ ಕೊಳಕ್ಕೇ. ನೀರಿಗೆ ಬೇಕಾದುದು ದೊಡ್ಡ ಇಳಿಜಾರಲ್ಲ, ಅಳೆದ ಇಳಿಜಾರು.

ಕೊಳವೆಯೊಳಗೆ ನಿಂತ ನೀರು ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡವನ್ನು ಪಡೆಯುತ್ತದೆ. 6 ಕಿಲೋಗ್ರಾಂ ತಾಳುವ ಕೊಳವೆಯನ್ನು 60 ಮೀಟರಿಗಿಂತ ಆಳಕ್ಕೆ ಇಳಿಸಿದರೆ ಅದು ಒಡೆಯದೆ ಇದ್ದೀತೇ? ಆದುದರಿಂದ ಅಷ್ಟು ಇಳಿಯುವ ಮುನ್ನವೇ ಬಾಯಿ ತೆರೆದ ಸಣ್ಣ ತೊಟ್ಟಿಯೊಂದನ್ನು ಕಟ್ಟಬೇಕು. ಅಲ್ಲಿ ಒತ್ತಡ ಕಳೆದು, ನೀರು ಹೊಸದಾಗಿ ಇಳಿಯತೊಡಗುತ್ತದೆ. ಕೊಳವೆಯ ದಿಬ್ಬಗಳಲ್ಲಿ ಗಾಳಿ ಬಿಡುವ ವಾಲ್ವು, ತಗ್ಗುಗಳಲ್ಲಿ ಕೆಸರು ತೆಗೆಯುವ ವಾಲ್ವು ಇರಲೇಬೇಕು. ಖರ್ಚು ಉಳಿಸಲೆಂದು ಕೊಳವೆಯ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಹರಿವು ಅರ್ಧವಾಗುವುದಿಲ್ಲ. ಸರಿಸುಮಾರು ಆರನೆಯ ಒಂದಂಶಕ್ಕೆ ಕುಸಿಯುತ್ತದೆ.

ಒರತೆಯನ್ನು ಅಳೆಯಬೇಕಾದುದು ಶ್ರಾವಣದಲ್ಲಲ್ಲ, ಮಳೆಗೆ ಮುಂಚಿನ ಕಡುಬೇಸಿಗೆಯಲ್ಲಿ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಗ್ರಾಮೀಣರಿಗೆ ತಲೆಗೆ ದಿನಕ್ಕೆ 55 ಲೀಟರ್ ಗೊತ್ತುಪಡಿಸಿತು. ಐದೈದು ಜನರ 40 ಮನೆಗಳಿಗೆ 11,000 ಲೀಟರ್ ಸಾಕು. ನಿಮಿಷಕ್ಕೆ 10 ಲೀಟರ್ ಸುರಿಯುವ ಬಡ ಒರತೆಯೂ ದಿನಕ್ಕೆ 14,400 ಲೀಟರ್ ಕೊಡುತ್ತದೆ. ರಾತ್ರಿಯ ನೀರನ್ನು ಶೇಖರಿಸುವ ತೊಟ್ಟಿ ಮಾತ್ರ ಬೇಕು.

ಹಾಗಾದರೆ ಕೊರತೆ ಎಲ್ಲಿದೆ? ಕೆಳಗಿನವರೆಲ್ಲ ಒಮ್ಮೆಗೇ ನಲ್ಲಿ ತೆರೆದಾಗ ಕೊಳವೆಯ ಒತ್ತಡ ತಗ್ಗಿ, ನೀರು ಮೇಲಿನ ಮನೆಯ ಮಟ್ಟವನ್ನು ಮುಟ್ಟುವುದಿಲ್ಲ. ಒಳ್ಳೆಯ ಗದ್ದೆ ತೋಟಗಳು ಕೆಳಗಿವೆ. ಬಡವರ ಮನೆಗಳು ಮೇಲಿವೆ. ಆದ್ದರಿಂದ ನಮ್ಮ ಲೆಕ್ಕದ ತಪ್ಪು ಬಡವರ ಮೇಲೆಯೇ ಬೀಳುತ್ತದೆ. ಕೊಡ ಹೊತ್ತು ಏರುವವರು ಅಲ್ಲಿನ ನಮ್ಮ ತಾಯಂದಿರು. ಮೇಲಿನ ಮತ್ತು ಕೆಳಗಿನ ಮನೆಗಳಿಗೆ ಬೇರೆ ಬೇರೆ ಕೊಳವೆ ಎಳೆದು, ಕೆಳಗಿನದಕ್ಕೆ ಹರಿವನ್ನು ಮಿತಿಗೊಳಿಸುವ ವಾಲ್ವು ಇಡುವುದೇ ಇದಕ್ಕೆ ಪರಿಹಾರ.

ಶುದ್ಧವಾದ ಕುಡಿಯುವ ನೀರು ಮಾನವನ ಮೂಲಭೂತ ಹಕ್ಕೆಂದು ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬೋಧಿಸಿದರು. ನೂರು ವರ್ಷ ಒಂದೇ ಬಲಿಪೀಠದ ಸುತ್ತ ನೆರೆದ ನಾವು ಒಂದೇ ಒರತೆಯನ್ನು ಹಂಚಿಕೊಳ್ಳಲಾರೆವೇ? ಒರತೆಯ ನೆತ್ತಿಯ ಕಾಡನ್ನು ಕಾಯೋಣ; ಮೊದಲ ಕೊಡ ಮೇಲಿನ ಮನೆಯಲ್ಲಿ ತುಂಬಲಿ. ಅದುವೇ ಈ ಶತಮಾನೋತ್ಸವದ ನಿಜವಾದ ಕಾಣಿಕೆಯಾಗಲಿ.