ಆ ಗಾಳಿ ಎಲ್ಲಿಗೆ ಹೋಗುತ್ತದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿಮ್ಮ ಕೆಲಸದ ಬಗ್ಗೆಯೇ ನಾಲ್ಕು ಮಾತು ಆಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಪೀಣ್ಯದಲ್ಲಿ ಏರ್ ಕಂಪ್ರೆಸರ್ ರಿಪೇರಿ ಮಾಡುವವನು. ಈ ಯಂತ್ರದ ಸದ್ದಿಲ್ಲದ ಬೀದಿ ಅಲ್ಲಿ ಸಿಗುವುದು ಕಷ್ಟ.

ಸೈಕಲ್ ಪಂಪನ್ನು ನೀವೆಲ್ಲ ಹೊಡೆದಿದ್ದೀರಿ. ಒಳಗಿನ ಚರ್ಮದ ವಾಷರ್ ಒಣಗಿದರೆ ಎರಡು ಹನಿ ಎಣ್ಣೆ ಬಿಡುತ್ತಿದ್ದೆವು, ಗಾಳಿ ಸೋರುವುದು ನಿಲ್ಲುತ್ತಿತ್ತು. ಆಯಿಲ್ ಕಂಪ್ರೆಸರೂ ಅದೇ ಜಾತಿ. ಎಣ್ಣೆ ಸವೆತ ತಡೆಯುತ್ತದೆ, ಸಂದು ಮುಚ್ಚುತ್ತದೆ, ಬಿಸಿ ಹೀರುತ್ತದೆ. ಸ್ಕ್ರೂ ಕಂಪ್ರೆಸರಿನಲ್ಲಿ ಗಾಳಿಯ ಬಿಸಿ 80–90 ಡಿಗ್ರಿಯಲ್ಲಿ ನಿಲ್ಲುವುದು ಎಣ್ಣೆಯ ದಯೆಯಿಂದ. ಎಣ್ಣೆಯಿಲ್ಲದೆ ಒತ್ತಿದರೆ ಅದು 150 ದಾಟುತ್ತದೆ. ಆದ್ದರಿಂದ ಆಯಿಲ್-ಫ್ರೀ ಸ್ಕ್ರೂ ಯಂತ್ರದಲ್ಲಿ ಎರಡು ಹಂತದಲ್ಲಿ ಒತ್ತಿ ನಡುವೆ ತಣಿಸುತ್ತಾರೆ. ಬೆಲೆ ಏರುವುದು ಅಲ್ಲಿಯೇ.

ಹದಿನಾಲ್ಕು ಜನಕ್ಕೆ ಕೆಲಸ ಕೊಟ್ಟಿರುವ ಒಬ್ಬ ಮಾಲೀಕರು ನನ್ನನ್ನು ಕರೆಸಿದ್ದರು. ಲೇತ್ ಕೆಲಸದ ಪಕ್ಕದ ಕೋಣೆಯಲ್ಲಿ ಸಾಂಬಾರ ಪುಡಿ ಪ್ಯಾಕಿಂಗ್ ಹಿಡಿದಿದ್ದರು. ಪುಡಿ ಕೊಳ್ಳುವವರು ಬಂದು ನೋಡಿ, 'ಈ ಗಾಳಿ ಆಗದು' ಎಂದು ಆರ್ಡರ್ ತಡೆಹಿಡಿದಿದ್ದರು. ಹಳೆಯದನ್ನು ಮಾರಿ ದೊಡ್ಡ ಆಯಿಲ್-ಫ್ರೀ ಯಂತ್ರವನ್ನೇ ತರಲು ಮನೆಯ ಒಡವೆ ಅಡ ಇಡುವ ಯೋಚನೆ ಅವರದು.

ನಾನು ಕೂತು ಲೆಕ್ಕ ಹಾಕಿದೆ. ಒಳ್ಳೆಯ ಆಯಿಲ್ ಸ್ಕ್ರೂ ಯಂತ್ರದಿಂದಲೂ ಒಂದು ಘನ ಮೀಟರ್ ಗಾಳಿಗೆ ಸುಮಾರು 3 ಮಿಲಿಗ್ರಾಂ ಎಣ್ಣೆ ಹೊರಬರುತ್ತದೆ. ಗಂಟೆಗೆ 170 ಘನ ಮೀಟರಿನಂತೆ ಹತ್ತು ಗಂಟೆ ಓಡಿದರೆ ಐದು ಗ್ರಾಂ, ಅಂದರೆ ಒಂದು ಚಮಚ. ಲೇತಿನ ಚಕ್‌ಗೆ ಅದು ತೊಂದರೆಯಲ್ಲ, ಪುಡಿಗೆ ತೊಂದರೆ. ಒಳ್ಳೆಯ ಫಿಲ್ಟರುಗಳು ಇದನ್ನು 0.01 ಮಿಲಿಗ್ರಾಂಗೆ ಇಳಿಸುತ್ತವೆ, ಐಎಸ್‌ಒ 8573-1ರ ಕ್ಲಾಸ್ 1 ಎಂದರೆ ಅದೇ ಮಿತಿ. ಆದರೆ ಬೇಸಿಗೆಯಲ್ಲಿ ಗಾಳಿ ಬಿಸಿಯಾದರೆ ಎಣ್ಣೆ ಆವಿಯಾಗಿ ಫಿಲ್ಟರ್ ದಾಟುತ್ತದೆ. ಫಿಲ್ಟರ್ ಬದಲಿಸಲು ಮರೆತರೆ ಕೇಳುವುದೇ ಬೇಡ. ಮರೆಯದ ಕಾರ್ಖಾನೆಯನ್ನು ನಾನು ಹೆಚ್ಚು ಕಂಡಿಲ್ಲ.

ಹಳೆಯದು ಲೇತ್‌ಗಳಿಗೇ ಇರಲಿ, ಪ್ಯಾಕಿಂಗ್‌ಗೆ ಮಾತ್ರ ಐದು ಹೆಚ್‌ಪಿಯ ಚಿಕ್ಕ ಆಯಿಲ್-ಫ್ರೀ ಯಂತ್ರ, ಬೇರೆ ಪೈಪು ಹಾಕಿಸಿ ಎಂದೆ. ಅದರ ಉಂಗುರಗಳು ಬೇಗ ಸವೆಯುತ್ತವೆ, ಆ ಖರ್ಚನ್ನೂ ಬರೆದುಕೊಟ್ಟೆ. ಒಂದು ಮಾತು ಒತ್ತಿ ಹೇಳಿದೆ: ಗಾಳಿ ಎಳೆಯುವ ಬಾಯಿ ಲೇತ್ ಕಡೆಗೋ ಲಾರಿ ನಿಲ್ಲುವ ರಸ್ತೆಗೋ ತಿರುಗಿರಬಾರದು. ಒಳಗೆ ಹೊಗೆ ಹೋದರೆ ಒತ್ತಿದ ಹೊಗೆಯೇ ಹೊರಬರುವುದು, ಯಂತ್ರದ ಹೆಸರು ಏನೇ ಇರಲಿ. ಒಡವೆ ಮನೆಯಲ್ಲೇ ಉಳಿಯಿತು, ಆರ್ಡರೂ ಬಂತು.

ಮಾತ್ರೆ ತಯಾರಿಸುವಲ್ಲಿ, ರೋಗಿ ಉಸಿರಾಡುವ ಗಾಳಿಯಲ್ಲಿ ಇಂಥ ಉಳಿತಾಯ ಕೂಡದು. ಅಲ್ಲಿ ದುಬಾರಿಯೇ ಸರಿ.

ಇನ್ನೊಂದು ವಿಷಯ ಊರಿನವರಿಗೆ. ಒತ್ತಿದ ಗಾಳಿಯಲ್ಲಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗುತ್ತದೆ. ಆಯಿಲ್ ಯಂತ್ರದಲ್ಲಿ ಅದು ಮಜ್ಜಿಗೆಯಂತೆ ಬೆಳ್ಳಗಿರುತ್ತದೆ. ಎಣ್ಣೆ ಬೇರ್ಪಡಿಸುವ ಪೆಟ್ಟಿಗೆಗೆ ಬಿಡಬೇಕಾದ ಆ ನೀರನ್ನು ಎಷ್ಟೋ ಕಡೆ ಚರಂಡಿಗೆ ಬಿಡುತ್ತಾರೆ. ಪೀಣ್ಯದ ಚರಂಡಿ ವೃಷಭಾವತಿಗೆ, ವೃಷಭಾವತಿ ನಮ್ಮ ಬೈರಮಂಗಲ ಕೆರೆಗೆ. ಆ ಕೆರೆಯ ನೊರೆ ನೋಡಿದ ನಿಮಗೆ ನಾನು ಹೆಚ್ಚು ಹೇಳಬೇಕಿಲ್ಲ. ನಾನು ಹೋದ ಕಾರ್ಖಾನೆಯಲ್ಲೆಲ್ಲ ಆ ಪೆಟ್ಟಿಗೆ ಎಲ್ಲಿದೆ ಎಂದು ಮೊದಲು ಕೇಳುತ್ತೇನೆ. ಐಟಿಐ ಮುಗಿಸಿ ನಮ್ಮ ಕಡೆ ಕೆಲಸಕ್ಕೆ ಬರುವ ಮಕ್ಕಳೂ ಕೇಳಲಿ.