ಬಯಲಿನಲ್ಲಿ ಹಾಸಿದ ಕೌದಿ

(ಸಂಘದ ನಾಡಹಬ್ಬದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮುಂಬಯಿಯ ನಾಡಹಬ್ಬದ ವೇದಿಕೆಯಿಂದ ಸಾಹಿತ್ಯದ ಬಗೆಗೋ ಗಡಿಪ್ರಶ್ನೆಯ ಬಗೆಗೋ ಮಾತನಾಡುವುದು ರೂಢಿ. ಹೊದಿಕೆಯೊಂದರ ಬಗೆಗೆ ಮಾತನಾಡುತ್ತೇನೆಂದು ನಾನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾಗಿ, ಆಮೇಲೆ 'ಇಪ್ಪತ್ತು ನಿಮಿಷ ಮೀರಬೇಡಿ' ಎಂದರು. ಮೀರುವುದಿಲ್ಲ.

2012ರ ಜುಲೈ ತಿಂಗಳಲ್ಲಿ ಕಚೇರಿಯ ಕೆಲಸದ ಮೇಲೆ ವಾಷಿಂಗ್ಟನ್ ನಗರಕ್ಕೆ ಹೋಗಿದ್ದೆ. ಬಿಡುವಿನ ದಿನವೊಂದರಲ್ಲಿ, ಅಲ್ಲಿಯ ಸಂಸತ್ ಭವನದೆದುರಿನ ನ್ಯಾಷನಲ್ ಮಾಲ್ ಎಂಬ ವಿಸ್ತಾರವಾದ ಬಯಲಿನಲ್ಲಿ 'ಕ್ವಿಲ್ಟ್' ಪ್ರದರ್ಶನ ನಡೆದಿದೆಯೆಂದು ವಸತಿಗೃಹದವರು ತಿಳಿಸಿದರು. ಅವರು ಕ್ವಿಲ್ಟ್ ಎಂದರೂ ನನ್ನ ಕಿವಿಗೆ ಅದು ಕೌದಿ ಎಂದೇ ಕೇಳಿಸಿತು. ನಿಮ್ಮಲ್ಲಿ ಕೆಲವರು ಬೊಂತೆ ಎನ್ನುತ್ತೀರಿ. ಇಲ್ಲಿಯ ನೆರೆಹೊರೆಯವರಿಗೆ ಅದು ಗೋಧಡಿ. ಬಾಗಲಕೋಟೆಯ ಕಡೆಯ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವ್ವ ಪಡಸಾಲೆಯಲ್ಲಿ ಹಳೆಯ ಬಟ್ಟೆಗಳನ್ನು ಹರವಿಕೊಂಡು ಕೂಡುತ್ತಿದ್ದಳು. 'ಇದು ನಿಮ್ಮಜ್ಜಿ ಇಳಕಲ್ ಸೀರಿ, ಇದು ನಿಮ್ಮಪ್ಪನ ಧೋತರ' ಎಂದು ಒಂದೊಂದು ತುಂಡನ್ನೂ ತೋರಿಸುತ್ತಿದ್ದಳು. ಸತ್ತವರೂ ಇದ್ದವರೂ ಅದರಲ್ಲಿ ಒತ್ತೊತ್ತಾಗಿ ಇರುತ್ತಿದ್ದರು; ನಾವು ಹುಡುಗರು ಅವರೆಲ್ಲರನ್ನೂ ಹೊದ್ದು ಮಲಗುತ್ತಿದ್ದೆವು.

ಆ ನೆನಪಿನಲ್ಲಿ, ಕುಶಲಕಲೆಯ ಪ್ರದರ್ಶನವೆಂದುಕೊಂಡೇ ಹೋದೆ. ಬಿಸಿಲು ನಮ್ಮ ಕಡೆಯ ಬಿಸಿಲಿನಂತೆಯೇ ಇತ್ತು. ಸ್ವಯಂಸೇವಕರು ದೊಡ್ಡ ದೊಡ್ಡ ಚೌಕಗಳನ್ನು ಹುಲ್ಲಿನ ಮೇಲೆ ಬಿಚ್ಚಿ ಹಾಸುತ್ತಿದ್ದರು. ಹನ್ನೆರಡು ಅಡಿಯ ಒಂದೊಂದು ಚೌಕದಲ್ಲಿ ಮೂರು ಅಡಿ ಅಗಲ, ಆರು ಅಡಿ ಉದ್ದದ ಎಂಟು ತುಂಡುಗಳು. ಆ ಅಳತೆ ಏಕೆಂದು ನನಗೆ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಹೇಳಿದರು: ಅದು ಒಬ್ಬ ಮನುಷ್ಯನ ಗೋರಿಯ ಅಳತೆ. ಅದು ಏಡ್ಸ್ ರೋಗದಿಂದ ಸತ್ತವರ ಸ್ಮಾರಕ.

ಒಂದು ತುಂಡಿನಲ್ಲಿ ಅಂಗಿ, ಇನ್ನೊಂದರಲ್ಲಿ ಜೀನ್ಸ್, ಮತ್ತೊಂದರಲ್ಲಿ ಮಗುವಿನ ಗೊಂಬೆ. ಕೆಲವು ಹೊಲಿಗೆಗಳು ನುರಿತ ಕೈಯವು. ಹಲವು, ಸೂಜಿಯನ್ನೇ ಹಿಡಿದು ಅರಿಯದ ಕೈಯವು. ಹುಟ್ಟಿದ ವರ್ಷ, ಸತ್ತ ವರ್ಷ. ನಾನು ಸರಕಾರಿ ಲೆಕ್ಕದ ಮನುಷ್ಯ, ಅಭ್ಯಾಸಬಲದಿಂದ ಕಳೆಯುತ್ತ ಹೋದೆ: ಇಪ್ಪತ್ತೊಂಬತ್ತು, ಮೂವತ್ತನಾಲ್ಕು, ನಾಲ್ಕು. ಸ್ವಲ್ಪ ಹೊತ್ತಿನ ಮೇಲೆ ಕಳೆಯುವುದನ್ನು ಬಿಟ್ಟೆ. ಧ್ವನಿವರ್ಧಕದಲ್ಲಿ ಒಬ್ಬರಾದ ಮೇಲೊಬ್ಬರು ಹೆಸರುಗಳನ್ನು ಓದುತ್ತಿದ್ದರು. ಭಾಷಣವಿಲ್ಲ, ಘೋಷಣೆಯಿಲ್ಲ, ಬರಿಯ ಹೆಸರುಗಳು.

ಇದರ ಹಿನ್ನೆಲೆಯನ್ನು ಆಮೇಲೆ ಓದಿ ತಿಳಿದೆ. 1981ರಲ್ಲಿ ವರದಿಯಾದ ಈ ರೋಗದ ಬಗೆಗೆ ಅಧ್ಯಕ್ಷ ರೇಗನ್ನರು ಸಾರ್ವಜನಿಕವಾಗಿ ಬಾಯಿ ತೆರೆದದ್ದು 1985ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮೇಣಬತ್ತಿ ಮೆರವಣಿಗೆಯೊಂದರಲ್ಲಿ ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತರು, ಈ ರೋಗದಿಂದ ಸತ್ತ ತಮ್ಮವರ ಹೆಸರುಗಳನ್ನು ಫಲಕಗಳ ಮೇಲೆ ಬರೆಯುವಂತೆ ಜನರನ್ನು ಕೇಳಿಕೊಂಡರು. ಕೇಂದ್ರ ಸರಕಾರದ ಕಟ್ಟಡದ ಗೋಡೆಗೆ ಅಂಟಿಸಿದ ಆ ಫಲಕಗಳನ್ನು ದೂರದಿಂದ ನೋಡಿದಾಗ ಅವರಿಗೆ ಅದು ಕೌದಿಯಂತೆ ಕಂಡಿತು. 1987ರ ಅಕ್ಟೋಬರ್ 11ರಂದು ಇದೇ ಬಯಲಿನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. 1996ರಲ್ಲಿ ಅದು ಇಡೀ ಬಯಲನ್ನು ಮುಚ್ಚಿತು. ನಾನು ಕಂಡಾಗ 47,000ಕ್ಕೂ ಮಿಕ್ಕಿ ಬೆಳೆದಿದ್ದು, ಒಂದೇ ಸಲಕ್ಕೆ ಹಾಸಲು ಸ್ಥಳ ಸಾಲದೆ ಸರದಿಯಂತೆ ತೋರಿಸುತ್ತಿದ್ದರು. ಈಗ ಅದರಲ್ಲಿ 1,10,000ಕ್ಕೂ ಹೆಚ್ಚು ಹೆಸರುಗಳಿವೆ. ತೂಕ 54 ಟನ್ನು. ಸರಕಾರವನ್ನು ಎಚ್ಚರಿಸಲು ಕಲ್ಲು ಬೇಕಿಲ್ಲ, ಬಟ್ಟೆ ಸಾಕೆಂದು ಮೊದಲಿಗೆ ಯಾರು ನಂಬಿದ್ದರು?

ಈ ಸಂಗತಿಯನ್ನು ಇಲ್ಲಿಯೇ ಹೇಳುವುದಕ್ಕೆ ಕಾರಣವಿದೆ.

ನನ್ನ ಕಾಕಾನ ಮಗನೊಬ್ಬ ಹದಿನೆಂಟನೆಯ ವಯಸ್ಸಿಗೆ ಈ ಮುಂಬಯಿಗೆ ಬಂದ. ಹೋಟೆಲಿನ ಕೆಲಸ, ಎಂಟು ಜನರ ಖೋಲಿ. ಬರುವಾಗ ಚಿಗವ್ವ ಹೊಲಿದುಕೊಟ್ಟ ಕೌದಿಯೊಂದು ಅವನ ಜೊತೆಗೆ ಬಂದಿತ್ತು. ಕಾಯಿಲೆ ಬಿದ್ದು ಅವನು ಊರಿಗೆ ಮರಳಿದಾಗ ಅದೇ ಕೌದಿಯನ್ನು ಹೊದ್ದು ಬಸ್ಸಿನಿಂದಿಳಿದ. 1999ರಲ್ಲಿ ತೀರಿಕೊಂಡ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಈ ರೋಗಕ್ಕೆ ಉಚಿತ ಔಷಧಿ ದೊರೆಯತೊಡಗಿದ್ದು 2004ರ ಏಪ್ರಿಲ್‌ನಿಂದ. ಐದು ವರ್ಷ ತಡವಾಯಿತು.

ಕಾಮಾಲೆಯಾಗಿತ್ತೆಂದು ಮನೆಯವರು ಹೇಳಿದರು. ನಾನೂ ಹಾಗೆಯೇ ಹೇಳಿದೆ. ಇದೇ ಊರಿನಲ್ಲಿ ಅವನ ಗೆಳೆಯರು ನನ್ನನ್ನು ಹುಡುಕಿಕೊಂಡು ಬಂದು ಕೇಳಿದಾಗಲೂ ಕಾಮಾಲೆಯೆಂದೆ. ಅವರಲ್ಲಿ ಯಾರಿಗಾದರೂ ಪರೀಕ್ಷೆ ಮಾಡಿಸಿಕೊಳ್ಳುವ ಅಗತ್ಯವಿತ್ತೋ ಏನೋ, ನನ್ನ ಸುಳ್ಳು ಅವರ ದಾರಿಯನ್ನು ಮುಚ್ಚಿತು. ಅಂತ್ಯಕ್ರಿಯೆಯಾದ ಮರುದಿನ ಅವನ ಬಟ್ಟೆಗಳನ್ನೂ ಆ ಕೌದಿಯನ್ನೂ ಹೊಲದ ಬದುವಿನಲ್ಲಿ ಸುಟ್ಟೆವು. ಬಟ್ಟೆಯಿಂದ ಈ ರೋಗ ಹರಡುವುದಿಲ್ಲವೆಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ತಿಳಿದಿತ್ತು. ಸ್ನಾತಕೋತ್ತರ ಪದವೀಧರ, ಕೇಂದ್ರ ಸರಕಾರದ ಅಧಿಕಾರಿ. ಸೀಮೆಎಣ್ಣೆಯ ಡಬ್ಬಿ ನನ್ನ ಕೈಯಲ್ಲಿತ್ತು. ಚಿಗವ್ವ ದೂರದಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ನೋಡುತ್ತಿದ್ದಳು.

ವಾಷಿಂಗ್ಟನ್ನಿನ ಆ ಹುಲ್ಲಿನ ಮೇಲೆ ನಾನು ಬಹಳ ಹೊತ್ತು ನಿಂತದ್ದು ಹೆಸರಿಲ್ಲದ ಒಂದು ತುಂಡಿನ ಎದುರಿಗೆ. ಹಲವು ತುಂಡುಗಳಲ್ಲಿ ಅರ್ಧ ಹೆಸರು ಮಾತ್ರ ಇರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ, ಮನೆಯವರು ಒಪ್ಪಿರುವುದಿಲ್ಲ. ಅಂಜಿಕೆ ನಮ್ಮ ಜಿಲ್ಲೆಯ ಸೊತ್ತು ಮಾತ್ರವಲ್ಲವೆಂದು ಆಗ ಸಮಾಧಾನವಾಯಿತು. ಆ ಸಮಾಧಾನದ ಬಗೆಗೆ ನಾಚಿಕೆಯೂ ಆಯಿತು.

ಸೋಂಕಿತರನ್ನು ಭೇದದಿಂದ ಕಾಣುವುದನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿ 2017ರಲ್ಲಿ ಬಂದಿತು, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಳ್ಳೆಯ ಕಾಯ್ದೆ. ಇಂದಿನ ಉಪನ್ಯಾಸ ನಿಶ್ಚಯವಾದ ಮೇಲೆ ಊರಿಗೆ ಫೋನು ಮಾಡಿ ಚಿಗವ್ವನ ಒಪ್ಪಿಗೆ ಕೇಳಿದೆ. ಆ ಬಯಲಿನ ಕೌದಿಯ ಬಗೆಗೂ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಆಕೆ ಅಂದಳು: 'ಬ್ಯಾನಿ ಹೆಸರು ಹೇಳು. ನನ್ನ ಮಗನ ಹೆಸರು ಬ್ಯಾಡ. ಮೊಮ್ಮಗಳ ಲಗ್ನ ಗೊತ್ತಾಗೇತಿ.' ಸ್ವಲ್ಪ ತಡೆದು ಮತ್ತೆ ಕೇಳಿದಳು: 'ಅಲ್ಲಿ ಹಂಗ ಹೆಸರು ಬರದ ಮ್ಯಾಲೆ ಆ ಮನಿ ಹುಡಿಗ್ಯಾರ ಲಗ್ನ ಆದವೇನಪಾ?'

ಆಗಿರುತ್ತವೆ ಎಂದೆ. ನನಗೆ ಗೊತ್ತಿರಲಿಲ್ಲ. ಆದುದರಿಂದ ಅವನ ಹೆಸರನ್ನು ಈ ಸಭೆಯಲ್ಲಿ ನಾನು ಹೇಳುತ್ತಿಲ್ಲ.